ಇಂಗ್ಲಿಷಿನಲ್ಲಿ ನಾಮಪದಕ್ಕೆ ನಾಮಪದ ಜೋಡಿಸುವುದು ಹೇಗೆ?

ಕೋಲಾರದಲ್ಲಿರುವ ನನ್ನ ಅಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮೊನ್ನೆ ಅವಳ ನೋಟ್‌ಬುಕ್ಕಿನಲ್ಲಿ ‘ಗೋಲ್ಡ್ಸ್ ಮೈನ್’ ಎಂದಿತ್ತು. ತಪ್ಪು ಅಂದೆ. ‘ಚಿನ್ನದ ಗಣಿ ಅಲ್ವಾ ಚಿಕ್ಕಮ್ಮ, ಮತ್ತೆ ಆ "ದ" ಎಲ್ಲಿ ಹೋಯ್ತು?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಜಾಸ್ತಿ ಜನ ಎಡವುವುದೂ ಇಲ್ಲೇ.

ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಯಾರದು, ಎಂಥದು? ರೈತನ ಬಾಕ್ಸ್ ಎಂದರೆ ಯಾರದು ಅಂತ ಹೇಳಿದ ಹಾಗೆ, ಅಲ್ಲಿ ‘ಫಾರ್ಮರ್ಸ್ ಬಾಕ್ಸ್’ ಸರಿ. ಚಿನ್ನದ ಗಣಿ ಎಂದರೆ ಎಂಥ ಗಣಿ ಅಂತ. ಅಲ್ಲಿ ಪ್ರತ್ಯಯವೇ ಬೇಡ, ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ಮೊದಲನೆಯದು ಗುಣವಾಚಕದ ಕೆಲಸ ಮಾಡುತ್ತದೆ. ನಾವೂ ತಲೆನೋವು, ಮನೆಕೆಲಸ ಅಂತ ಸುಮ್ನೆ ಜೋಡಿಸ್ತೀವಲ್ಲ, ಹಾಗೆಯೇ.

ಆಮೇಲೆ ಕೊನೆಯ ಪದ ನೋಡಿ. ಅದೇ ಯಜಮಾನ. ತಲೆನೋವು ಒಂದು ನೋವು, ತಲೆಯಲ್ಲ. ‘ಮಿಲ್ಕ್ ಪ್ಯಾಕೆಟ್’ ಒಂದು ಪ್ಯಾಕೆಟ್, ‘ಪ್ಯಾಕೆಟ್ ಮಿಲ್ಕ್’ ಹಾಲು. 2001ರಲ್ಲಿ ಮುಚ್ಚಿದ ಗಣಿಯ ಊರು ‘ಕೋಲಾರ್ ಗೋಲ್ಡ್ ಫೀಲ್ಡ್ಸ್’ ಹೆಸರನ್ನೂ ಹಿಂದಿನಿಂದ ಓದಿ: ಫೀಲ್ಡ್ಸ್. ಎಂಥವು? ಗೋಲ್ಡ್. ಎಲ್ಲಿಯವು? ಕೋಲಾರ್.

ಮೊದಲಿಗೆ ಬರುವ ನಾಮಪದ ಸಾಮಾನ್ಯವಾಗಿ ಏಕವಚನದಲ್ಲೇ ಇರಲಿ. ನಮ್ಮ ಮಾರ್ಕೆಟ್ಟಿನಲ್ಲಿ ಸಾವಿರಾರು ಟೊಮ್ಯಾಟೊ ಬಿದ್ದಿದ್ದರೂ ಅದು ‘ಟೊಮ್ಯಾಟೊ ಮಾರ್ಕೆಟ್’. 15 ಕಿಲೋ ಹಿಡಿಯುವ ಬಾಕ್ಸ್ ‘ಫಿಫ್ಟೀನ್ ಕಿಲೋ ಬಾಕ್ಸ್’, ‘ಕಿಲೋಸ್’ ಅಲ್ಲ. ಬರೆಯುವಾಗ ಫಿಫ್ಟೀನ್ ಮತ್ತು ಕಿಲೋ ನಡುವೆ ಅಡ್ಡಗೆರೆ ಹಾಕಿ. ಸ್ಪೋರ್ಟ್ಸ್ ಶೂ, ಕ್ಲೋತ್ಸ್ ಶಾಪ್ ಥರದವು ಬೇರೆ, ಅವನ್ನು ಬಾಯಿಪಾಠ ಮಾಡಬೇಕು ಅಷ್ಟೇ.

ಗುಣವಾಚಕವೂ ಜೊತೆಗೆ ಬಂದರೆ? ಹೆದರಬೇಡಿ. ‘ಹಳೇ ಕೆಂಪು ರೇಷ್ಮೆ ಸೀರೆ’ ಅಂತ ಬಾಯಿಬಿಟ್ಟು ಹೇಳಿ ನೋಡಿ. ಇಂಗ್ಲಿಷಿನಲ್ಲೂ ಅದೇ ಸಾಲು: ಓಲ್ಡ್ ರೆಡ್ ಸಿಲ್ಕ್ ಸ್ಯಾರಿ. ರೇಷ್ಮೆ ಸೀರೆಗೆ ಅಂಟಿಕೊಂಡೇ ಇರಬೇಕು, ‘ರೇಷ್ಮೆ ಕೆಂಪು ಸೀರೆ’ ನಮ್ಮ ಕಿವಿಗೂ ಒಗ್ಗಲ್ಲ. ಯಾವುದು ಗುಣವಾಚಕ ಅಂತ ಗೊತ್ತಾಗದಿದ್ದರೆ ‘ವೆರಿ’ ಸೇರಿಸಿ. ‘ವೆರಿ ಓಲ್ಡ್ ಸ್ಯಾರಿ’ ನಡೆಯುತ್ತದೆ, ‘ವೆರಿ ಸಿಲ್ಕ್ ಸ್ಯಾರಿ’ ನಡೆಯಲ್ಲ.

ಇನ್ನೊಂದು ವಿಷಯ ಮಗುವಿಗೆ ಟೊಮ್ಯಾಟೊ ಮಂಡಿ ತೋರಿಸಿಯೇ ಹೇಳಿಕೊಟ್ಟೆ. ಬೆಳಗ್ಗೆ ಹಣ್ಣು ತುಂಬಿಕೊಂಡು ಬರುವುದು ‘ಬಾಕ್ಸ್ ಆಫ್ ಟೊಮ್ಯಾಟೋಸ್’. ಹರಾಜು ಮುಗಿದ ಮೇಲೆ ಗಾಡಿಯಲ್ಲಿ ಖಾಲಿಯಾಗಿ ವಾಪಸ್ ಹೋಗುವುದು ‘ಟೊಮ್ಯಾಟೊ ಬಾಕ್ಸ್’.