ಫೈಬ್ರೊಮಯಾಲ್ಜಿಯಾಗೆ ಫಿಸಿಯೋ: ಏನು ಕೇಳಬೇಕು, ಹೇಗೆ ಶುರು ಮಾಡಬೇಕು

ಫೈಬ್ರೊಮಯಾಲ್ಜಿಯಾ, ಅಂದರೆ ತಿಂಗಳುಗಟ್ಟಲೆ ಮೈಯೆಲ್ಲ ನೋವು ಕಾಡುವ ತೊಂದರೆ, ಇರುವವರು ನನ್ನ ಕ್ಲಿನಿಕ್‌ಗೆ ಬಂದಾಗ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಎಕ್ಸ್‌ರೇ, ಎಂಆರ್‌ಐ, ಥೈರಾಯ್ಡ್, ವಿಟಮಿನ್ ಡಿ, ಇಎಸ್‌ಆರ್. ಹೆಚ್ಚುಕಮ್ಮಿ ಎಲ್ಲವೂ ನಾರ್ಮಲ್. ಮೈಸೂರಿನಲ್ಲಿ ಬಹಳ ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮೇಡಂ, ಇದರಿಂದ ಏನಾದ್ರೂ ಉಪಯೋಗ ಇದೆಯಾ, ಇಲ್ಲಾ ಇದೂ ದುಡ್ಡು ದಂಡಾನಾ?"

ಉಪಯೋಗ ಇದೆ. ಆದರೆ ಎಂಥ ಫಿಸಿಯೋ ಅಂತ ನೋಡಬೇಕು. ಮಂಚದ ಮೇಲೆ ಮಲಗಿ, ವೈರ್ ಹಚ್ಚಿಸಿಕೊಂಡು, ಕಾಲು ಗಂಟೆಗೆ ಎದ್ದು ಮನೆಗೆ ಹೋಗುವುದು ಒಂದು ಥರ. ನೀವೇ ನಡೆದು, ಕೈಕಾಲು ಆಡಿಸಿ, ವಾರ ವಾರ ಚೂರು ಚೂರು ಜಾಸ್ತಿ ಮಾಡುವುದು ಇನ್ನೊಂದು ಥರ. ಗಟ್ಟಿ ಆಧಾರ ಇರುವುದು ಈ ಎರಡನೆಯದಕ್ಕೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ 2016ರಲ್ಲಿ ತನ್ನ ಶಿಫಾರಸುಗಳನ್ನು ಪರಿಷ್ಕರಿಸಿತು. ಮಾತ್ರೆಗಳಿಂದ ಹಿಡಿದು ಅಕ್ಯುಪಂಕ್ಚರ್ ತನಕ ಎಲ್ಲವನ್ನೂ ತೂಗಿ ನೋಡಿ, ಬಲವಾದ ಶಿಫಾರಸು ಕೊಟ್ಟಿದ್ದು ವ್ಯಾಯಾಮ ಒಂದಕ್ಕೇ.

ಎಷ್ಟು ಗುಣ ಕಾಣುತ್ತದೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ನಡಿಗೆ, ಸೈಕಲ್ ಥರದ ವ್ಯಾಯಾಮಗಳ ಬಗ್ಗೆ 2017ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ, ಮಾಡಿದವರ ನೋವು 100ರ ಅಳತೆಯಲ್ಲಿ ಮಾಡದವರಿಗಿಂತ ಸರಾಸರಿ 11 ಅಂಕ ಕಡಿಮೆ ಇತ್ತು. ಅಂದರೆ 70 ಇದ್ದದ್ದು 60ರ ಹತ್ತಿರ ಬಂತು ಅಂದುಕೊಳ್ಳಿ. ಕೇಳುವುದಕ್ಕೆ ಸಪ್ಪೆ. ಆದರೆ ರಾತ್ರಿ ಅಡುಗೆ ಮುಗಿಸಿ ಸೀದಾ ಹಾಸಿಗೆಗೆ ಬೀಳುತ್ತಿದ್ದವರು ಮಗಳ ಹೋಂವರ್ಕ್ ನೋಡುವ ಮಟ್ಟಕ್ಕೆ ಬರುವುದು ಈ ಹತ್ತು ಅಂಕದಲ್ಲೇ.

ರಿಪೋರ್ಟ್ ನಾರ್ಮಲ್ ಇದ್ದರೂ ನೋವು ಯಾಕೆ?

ಬೆಕ್ಕು ಹಾರಿದರೂ ಕೂಗಿಕೊಳ್ಳುವ ಕಾರಿನ ಅಲಾರಂ ನೋಡಿದ್ದೀರಲ್ಲ? ಕಾರಿಗೆ ಏನೂ ಆಗಿರುವುದಿಲ್ಲ, ಅಲಾರಂ ಮಾತ್ರ ತೀರಾ ಸೂಕ್ಷ್ಮ. ಇಲ್ಲೂ ಮೆದುಳು ಮತ್ತು ಬೆನ್ನುಹುರಿಯ ನೋವಿನ ವ್ಯವಸ್ಥೆ ಹಾಗೇ ಆಗಿರುತ್ತದೆ. ಸ್ನಾಯು ಹರಿದಿಲ್ಲ, ಕೀಲು ಸವೆದಿಲ್ಲ, ಆದರೂ ನೋವು ನಿಜ. ನಿದ್ದೆ ಮಾಡಿದರೂ ಎದ್ದಾಗ ಸುಸ್ತು, ಮಾತಾಡುತ್ತಾ ಇದ್ದ ಹಾಗೆ ಪದ ಮರೆತುಹೋಗುವುದು, ಇವೂ ಅದರ ಭಾಗವೇ. ಮನೆಯವರು "ಸುಮ್ನೆ ಮಲಗೋಕೆ ನೆಪ" ಅಂದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ. ನಾನು ಎಷ್ಟೋ ಗಂಡಂದಿರಿಗೆ, ಅತ್ತೆಯರಿಗೆ ಇದನ್ನೇ ಕೂರಿಸಿ ಹೇಳಿದ್ದೇನೆ.

ಇನ್ನೂ ಡಾಕ್ಟರ್ ಹತ್ತಿರ ಹೋಗಿಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗಿ, ಸಾಧ್ಯವಾದರೆ ಸಂಧಿವಾತ ತಜ್ಞರಾದ ರುಮಟಾಲಜಿಸ್ಟ್ ಹತ್ತಿರ. ಮೂರು ತಿಂಗಳಿಗೂ ಜಾಸ್ತಿ ಮೈಯೆಲ್ಲ ನೋವು ಅನ್ನುವುದರ ಹಿಂದೆ ಥೈರಾಯ್ಡ್ ಇರಬಹುದು, ರುಮಟಾಯ್ಡ್ ಸಂಧಿವಾತ ಇರಬಹುದು. ಮೈಮೇಲೆ 18 ಜಾಗ ಒತ್ತಿ, 11ರಲ್ಲಿ ನೋವಿದ್ದರೆ ಫೈಬ್ರೊ ಅನ್ನುವ 1990ರ ಲೆಕ್ಕವನ್ನು ಇನ್ನೂ ಕೆಲವರು ಹಿಡಿದುಕೊಂಡಿದ್ದಾರೆ. 2010ರಲ್ಲೇ ಅಮೆರಿಕದ ರುಮಟಾಲಜಿ ತಜ್ಞರ ಸಂಘ ಅದರ ಬದಲು ನೋವು ಎಲ್ಲೆಲ್ಲಿ ಹರಡಿದೆ, ಸುಸ್ತು-ನಿದ್ದೆ ಹೇಗಿದೆ ಅಂತ ಕೇಳಿ ನೋಡುವ ಕ್ರಮ ತಂದಿತು.

ಎಷ್ಟರಿಂದ ಶುರು ಮಾಡಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಆಷಾಢ ಮಾಸ ಬಂದರೆ ನನಗೆ ಗೊತ್ತು, ಇಂಥ ಫೋನ್ ಬಂದೇ ಬರುತ್ತದೆ. "ಶುಕ್ರವಾರ ಮೈ ಹಗುರ ಇತ್ತು ಮೇಡಂ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಬಿಟ್ಟೆ. ಈಗ ಏಳೋಕೇ ಆಗ್ತಿಲ್ಲ." ಸಾವಿರ ಮೆಟ್ಟಿಲು! ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮಾಡಿ ಮುಗಿಸುವುದು, ಆಮೇಲೆ ಮೂರು ದಿನ ಮಲಗುವುದು, ಮಲಗಿದ್ದಕ್ಕೆ ಮೈ ಇನ್ನೂ ಸೋಲುವುದು. ಈ ಸುತ್ತಿನಿಂದ ಹೊರಗೆ ಬರುವುದೇ ಚಿಕಿತ್ಸೆಯ ಅರ್ಧ ಭಾಗ.

ಹಾಗಾಗಿ ಶುರುವಿನ ಲೆಕ್ಕವನ್ನು ಒಳ್ಳೆಯ ದಿನದ ಮೇಲೆ ಹಾಕಬಾರದು. ಟೈಲರಿಂಗ್ ಮಾಡುವ ಒಬ್ಬರಿಗೆ ನಾನು ಹೇಳಿಕೊಟ್ಟದ್ದು ಹೀಗೆ. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನಡೆದು ನೋಡಿ, ಅದರಲ್ಲಿ ಒಂದು ಕೆಟ್ಟ ದಿನವೂ ಇರಲಿ. ಎಷ್ಟು ನಿಮಿಷಕ್ಕೆ ನೋವು ಏರುವುದಕ್ಕೆ ಶುರುವಾಗುತ್ತೆ ಅಂತ ಬರೆದುಕೊಳ್ಳಿ. ಅವರಿಗೆ 12, 6, 9 ನಿಮಿಷ ಬಂತು. ಸರಾಸರಿ 9. ಅದರಲ್ಲಿ ಐದನೇ ಒಂದು ಭಾಗ ಕಳೆದರೆ ಸುಮಾರು 7. ಅವರು 7 ನಿಮಿಷದಿಂದ ಶುರು ಮಾಡಿದರು. "ಏಳು ನಿಮಿಷಾನಾ? ಅದಕ್ಕೆ ಚಪ್ಪಲಿ ಹಾಕ್ಕೋಬೇಕಾ?" ಅಂತ ನಕ್ಕರು. ನಗಲಿ. ಮೈ ಹಗುರ ಇದ್ದರೂ ಏಳೇ, ಭಾರ ಇದ್ದರೂ ಏಳೇ. ಅಡುಗೆಮನೆಯಲ್ಲಿ ನೇತುಹಾಕಿದ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದೊಳಗೆ, ಹಾಲಿನ ಲೆಕ್ಕದ ಪಕ್ಕದಲ್ಲೇ, ನಿಮಿಷ ಬರೆಯುತ್ತಿದ್ದರು. ಆ ಹಾಳೆ ಹರಿದು ತಂದು ತೋರಿಸಿದರೆ ಸಾಕು, ನನಗೆ ಬೇರೆ ರಿಪೋರ್ಟ್ ಬೇಡ.

ಒಂದು ವಾರ ಸಲೀಸಾಗಿ ಆದರೆ ಒಂದು ನಿಮಿಷ ಸೇರಿಸಿ, ಅಷ್ಟೇ. ಮಾರನೇ ದಿನದ ನೋವು ಎಂದಿನಷ್ಟೇ ಇದ್ದರೆ ಅಳತೆ ಸರಿಯಾಗಿದೆ. ಸ್ವಲ್ಪ ಏರಿ ಒಂದು ದಿನದೊಳಗೆ ಇಳಿದರೂ ಚಿಂತೆಯಿಲ್ಲ. ಎರಡು ದಿನವಾದರೂ ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ವಾಪಸ್ ಹೋಗಿ. ನಡೆಯುವಾಗ ಪಕ್ಕದವರ ಜೊತೆ ಮಾತಾಡುವುದಕ್ಕೆ ಆಗಬೇಕು, ಏದುಸಿರು ಬರಬಾರದು. ಗುರಿ ಅಂತ ಬೇಕಿದ್ದರೆ, ವಾರದಲ್ಲಿ ಎರಡು-ಮೂರು ದಿನ ಅರ್ಧ ಗಂಟೆ ನಡಿಗೆ. ಅಲ್ಲಿಗೆ ಮುಟ್ಟುವುದಕ್ಕೆ ಕೆಲವರಿಗೆ ಆರು ತಿಂಗಳೂ ಬೇಕು. ಕುಕ್ಕರಹಳ್ಳಿ ಕೆರೆ ಸುತ್ತು ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಮೊದಲ ದಿನವೇ ಅಲ್ಲಿಗೆ ಹೋಗಿ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಮನೆ ಮುಂದಿನ ರಸ್ತೆಯಲ್ಲಿ ಹೋಗಿ ಬನ್ನಿ, ಯಾವಾಗ ಬೇಕಾದರೂ ಒಳಗೆ ಬರಬಹುದು.

ನಡಿಗೆ ಒಂದು ಹದಕ್ಕೆ ಬಂದ ಮೇಲೆ ಶಕ್ತಿಯ ವ್ಯಾಯಾಮ. ಜಿಮ್ ಬೇಡ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಇಟ್ಟು ತಳ್ಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚುವುದು. ತಲಾ ಐದೈದು ಸಲ, ಒಂದು ದಿನ ಬಿಟ್ಟು ಒಂದು ದಿನ. ಬೆಳಿಗ್ಗೆ ಎದ್ದ ತಕ್ಷಣ ಮೈ ಮರಗಟ್ಟಿದ ಹಾಗಿರುತ್ತದೆ, ಆಗ ಬೇಡ. ಬಿಸಿನೀರು ಸ್ನಾನ ಆದ ಮೇಲೆ ಮಾಡಿ.

ನಡಿಗೆ ಇಷ್ಟವಿಲ್ಲದವರು ಬೇರೆ ಏನಾದರೂ ಮಾಡಬಹುದು. ಬಿಸಿನೀರಿನ ಕೊಳದಲ್ಲಿ ವ್ಯಾಯಾಮ ಒಳ್ಳೆಯದು, ಆದರೆ ನಮ್ಮ ಕಡೆಯ ಈಜುಕೊಳಗಳ ತಣ್ಣೀರು ಎಷ್ಟೋ ಜನಕ್ಕೆ ಆಗಿಬರುವುದಿಲ್ಲ. ಚೀನಾದ ನಿಧಾನ ಚಲನೆಯ ವ್ಯಾಯಾಮ ತೈ ಚಿ ಬಗ್ಗೆ ಅಮೆರಿಕದ ಬಾಸ್ಟನ್‌ನಲ್ಲಿ 226 ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದು ನಡಿಗೆ, ಸೈಕಲ್ ಥರದ ಏರೋಬಿಕ್ ವ್ಯಾಯಾಮಕ್ಕಿಂತ ಕಮ್ಮಿಯೇನಿಲ್ಲ ಅಂತ ಕಂಡುಬಂತು. ಮೈಸೂರಿನಲ್ಲಿ ಬೀದಿಗೊಂದು ಯೋಗ ಕ್ಲಾಸ್ ಇದೆ, ನಿಧಾನದ ಯೋಗವೂ ಆಗುತ್ತದೆ. ಆದರೆ ಮೊದಲ ವಾರವೇ ಸೂರ್ಯ ನಮಸ್ಕಾರದ ಎಣಿಕೆ ಏರಿಸುವ ಗುರುಗಳಿಗೆ ದೂರದಿಂದಲೇ ನಮಸ್ಕಾರ ಮಾಡಿ ಬನ್ನಿ.

ಕರೆಂಟ್ ಕೊಡಿಸಿಕೊಳ್ಳುವುದು

ನಮ್ಮ ಕಡೆ ಫಿಸಿಯೋ ಅಂದರೆ 'ಕರೆಂಟ್ ಕೊಡೋದು' ಅಂತಲೇ ಜನರ ಲೆಕ್ಕ. ಐಎಫ್‌ಟಿ, ಟೆನ್ಸ್ (ಎರಡೂ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹರಿಸುವುದು), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ನೋವಿನ ಜಾಗಕ್ಕೆ ಶಬ್ದದ ಅಲೆ ಕೊಡುವುದು). ಈ ಮಷೀನ್‌ಗಳು ನನ್ನ ಹತ್ತಿರವೂ ಇವೆ, ಬೇರೆ ತೊಂದರೆಗಳಿಗೆ ಬಳಸುತ್ತೇನೆ. ಆದರೆ ಫೈಬ್ರೊಮಯಾಲ್ಜಿಯಾ ಸೇರಿದ ಹಾಗೆ ಇಂಥ ದೀರ್ಘಕಾಲದ ನೋವಿಗೆ ಈ ಮೂರನ್ನೂ ಕೊಡಬೇಡಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ಸಿಟ್ಟಿಂಗ್ ಪ್ಯಾಕೇಜ್, ಇಪ್ಪತ್ತು ಸಿಟ್ಟಿಂಗ್ ಪ್ಯಾಕೇಜ್ ಅಂತ ಮುಂಗಡ ದುಡ್ಡು ಕಟ್ಟಿ, ಒಂದೇ ಒಂದು ವ್ಯಾಯಾಮವನ್ನೂ ಕಲಿಯದೆ ನನ್ನ ಹತ್ತಿರ ಬಂದವರನ್ನು ಕಂಡರೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ. ಶಾಖ ತಗೊಂಡರೆ ಹಾಯೆನಿಸುತ್ತದೆ, ತಗೊಳ್ಳಿ. ಅದಕ್ಕೆ ಮನೆಯ ಬಿಸಿನೀರಿನ ಬ್ಯಾಗ್ ಸಾಕು. ಮಸಾಜ್ ಬೇಕಿದ್ದರೆ ಮೆತ್ತಗೆ ಇರಲಿ. 'ಗಂಟು ಕರಗಿಸ್ತೀನಿ' ಅಂತ ಮೊಣಕೈಯಲ್ಲಿ ಒತ್ತಿಸಿಕೊಂಡರೆ ಆ ವಾರ ಹೋಯಿತು.

ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೇಳುವಾಗಲೇ ಮೂರು ಮಾತು ಕೇಳಿಬಿಡಿ. ನೀವು ಫಿಸಿಯೋಥೆರಪಿ ಪದವಿ, ಅಂದರೆ ಬಿಪಿಟಿ ಅಥವಾ ಎಂಪಿಟಿ ಓದಿದ್ದೀರಾ? ಫೈಬ್ರೊಮಯಾಲ್ಜಿಯಾ ಇರುವವರನ್ನು ನೋಡಿದ್ದೀರಾ? ಮನೆಯಲ್ಲಿ ಮಾಡುವುದಕ್ಕೆ ವ್ಯಾಯಾಮ ಬರೆದುಕೊಡುತ್ತೀರಾ? ಮೂರನೆಯದಕ್ಕೆ "ಅದೆಲ್ಲ ಆಮೇಲೆ ನೋಡೋಣ" ಅಂದರೆ ಬೇರೆ ಕಡೆ ವಿಚಾರಿಸಿ. ದಿನಾ ಹೋಗುವ ಅಗತ್ಯವೂ ಇಲ್ಲ. ಶುರುವಿನಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಸಾಕು.

ಮನೆಕೆಲಸ, ನೋವು ಏರಿದ ದಿನ

ವ್ಯಾಯಾಮ ಹತ್ತು ನಿಮಿಷ, ಮನೆಕೆಲಸ ಹತ್ತು ಗಂಟೆ, ಅಲ್ವಾ? ಅದನ್ನು ಹಾಗೇ ಬಿಟ್ಟರೆ ಏನೂ ನಡೆಯುವುದಿಲ್ಲ. ತರಕಾರಿ ಕೂತು ಹೆಚ್ಚಿ. ಗ್ರೈಂಡರಿನ ಹಿಟ್ಟನ್ನು ಒಂದೇ ದೊಡ್ಡ ಪಾತ್ರೆಗೆ ತುಂಬಿ ಎತ್ತುವ ಬದಲು ಎರಡು ಚಿಕ್ಕ ಡಬ್ಬಿಗೆ ಹಾಕಿ. ಬಟ್ಟೆ ಒಗೆಯುವುದು ಮತ್ತು ನೆಲ ಒರೆಸುವುದು ಒಂದೇ ದಿನ ಬೇಡ. ಮೊಬೈಲ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಹೊಡೆದಾಗ ಕೆಲಸ ಅರ್ಧ ಆಗಿದ್ದರೂ ಕೂತುಬಿಡಿ. ನೋವು ಬಂದ ಮೇಲೆ ಕೂರುವುದಲ್ಲ, ಬರುವ ಮುಂಚೆ ಕೂರುವುದು. ಎಲ್ಲಕ್ಕಿಂತ ಕಷ್ಟದ ವ್ಯಾಯಾಮ ಇದೇ ಅಂತ ನನ್ನ ಹತ್ತಿರ ಬರುವ ಹೆಂಗಸರು ಹೇಳುತ್ತಾರೆ.

ಏನು ಮಾಡಿದರೂ ನೋವು ಏರುವ ದಿನಗಳು ಬರುತ್ತವೆ. ಮದುವೆ ಮನೆ ಓಡಾಟ, ನಿದ್ದೆಗೆಟ್ಟ ರಾತ್ರಿ, ಮನೆಯಲ್ಲೊಂದು ಜಗಳ, ಯಾವುದಾದರೂ ಸಾಕು. ಆಗ ಪೂರ್ತಿ ನಿಲ್ಲಿಸಬೇಡಿ, ಅಳತೆಯನ್ನು ಅರ್ಧ ಮಾಡಿ. 14 ನಿಮಿಷ ನಡೆಯುತ್ತಿದ್ದವರು 7 ನಡೆಯಿರಿ, ಬಾಟಲಿ ಕೆಳಗಿಡಿ, ಬರಿಗೈಯಲ್ಲಿ ಮಾಡಿ. ಡಾಕ್ಟರ್ ಕೊಟ್ಟ ಡುಲಾಕ್ಸೆಟಿನ್, ಪ್ರೀಗ್ಯಾಬಲಿನ್ ಥರದ ಮಾತ್ರೆ ಇದ್ದರೆ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ವ್ಯಾಯಾಮ ಮತ್ತು ಮಾತ್ರೆ ಒಂದರ ಬದಲು ಒಂದಲ್ಲ. ಎಂಟು-ಹತ್ತು ವಾರ ಆಗುವ ತನಕ 'ನನಗೆ ಇದು ಆಗಲ್ಲ' ಅಂತ ತೀರ್ಮಾನಕ್ಕೂ ಬರಬೇಡಿ. ಮೊದಲು ನಿದ್ದೆ ಸುಧಾರಿಸಿ, ಆಮೇಲೆ ನೋವು ಇಳಿದದ್ದನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ.

ಆದರೆ ಕೀಲು ಊದಿಕೊಂಡು ಬಿಸಿಯಾದರೆ, ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಒಂದು ಕೈಯೋ ಕಾಲೋ ಬಲ ಕಳೆದುಕೊಂಡರೆ, ಅದನ್ನು ಫೈಬ್ರೊ ಲೆಕ್ಕಕ್ಕೆ ಸೇರಿಸಬೇಡಿ. ನನ್ನ ಹತ್ತಿರವೂ ಬರಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ.