ಬೇಸಿಗೆಯಲ್ಲಿ ವಾಲೈ ಮೀನು: ಗಾಳ ಎಷ್ಟು ಆಳಕ್ಕೆ?
ಜುಲೈ, ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳಿಗೆ ಹೋಗುವವರು ದೋಣಿಯನ್ನು ಆಳದ ನೀರಿನ ಮೇಲೆ ನಿಲ್ಲಿಸಿ, ಫಿಶ್ ಫೈಂಡರ್‌ನ (ನೀರಿನೊಳಗಿರುವುದನ್ನು ಶಬ್ದದ ಅಲೆಗಳಿಂದ ಪತ್ತೆಹಚ್ಚಿ ಪರದೆಯಲ್ಲಿ ತೋರಿಸುವ ಸಾಧನ) ಸೆನ್ಸಿಟಿವಿಟಿಯನ್ನು ಏರಿಸಿ ನೋಡಿ. ತಳಕ್ಕಿಂತ ಎಷ್ಟೋ ಮೇಲೆ ಹೊಗೆಯಂತೆ ಮಸುಕಾದ ಅಡ್ಡಪಟ್ಟಿಯೊಂದು ಕಾಣುತ್ತದೆ. ಗಾಳವನ್ನು ಅದಕ್ಕಿಂತ ಎರಡು ಮೂರು ಅಡಿ ಮೇಲೆಯೇ ಹಿಡಿದಿಡಿ. ಆ ಪಟ್ಟಿ ಬೆಚ್ಚನೆಯ ಮೇಲ್ನೀರಿಗೂ ತಣ್ಣನೆಯ ಕೆಳನೀರಿಗೂ ನಡುವಿನ ಗಡಿ. ನಡುಬೇಸಿಗೆಯ ಹೊತ್ತಿಗೆ ಬಹಳಷ್ಟು ಸರೋವರಗಳಲ್ಲಿ ಅದರ ಕೆಳಗೆ ಆಮ್ಲಜನಕ ತೀರಾ ಕಡಿಮೆಯಾಗುವುದರಿಂದ ಮರಿಮೀನುಗಳೂ ಅವನ್ನು ತಿನ್ನುವ ವಾಲೈಗಳೂ ಮೇಲೆಯೇ ಉಳಿಯುತ್ತವೆ. ಪಟ್ಟಿ ನೀರೊಳಗಿನ ದಿಬ್ಬದ ಇಳಿಜಾರಿಗೆ ತಾಗುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ನಾನಂತೂ ಮೊದಲು ಅಲ್ಲೇ ಗಾಳ ಇಳಿಸುತ್ತೇನೆ. ಆದರೆ ಮಿಲ್ ಲ್ಯಾಕ್ಸ್‌ನಂಥ ಅಗಲವಾದ, ಹೆಚ್ಚು ಆಳವಿಲ್ಲದ ಸರೋವರದಲ್ಲಿ ಗಾಳಿ ನೀರನ್ನೆಲ್ಲ ಕಲಕಿಬಿಡುತ್ತದೆ, ಪಟ್ಟಿಯನ್ನು ನಂಬುವಂತಿಲ್ಲ. ರಾಜ್ಯದ ಈಶಾನ್ಯದ ಆಳವಾದ ತಿಳಿನೀರಿನ ಸರೋವರಗಳಲ್ಲಿ ಲೇಕ್ ಟ್ರೌಟ್ ಎಂಬ ತಣ್ಣೀರಿನ ಮೀನು ಬೇಕಿದ್ದರೆ ಲೆಕ್ಕವೇ ತಿರುವುಮುರುವು: ಅಲ್ಲಿ ಕೆಳಗಿನ ತಣ್ಣೀರಿನಲ್ಲೂ ಆಮ್ಲಜನಕ ಇರುತ್ತದೆ, ಮೀನೂ ಅಲ್ಲೇ ಇರುತ್ತದೆ. ಹಿಡಿದು ಬಿಡುವ ಉದ್ದೇಶವಿದ್ದರೆ ಮಾತ್ರ ಅಷ್ಟು ಆಳಕ್ಕೆ ಹೋಗಬೇಡಿ. ಒತ್ತಡ ತಟ್ಟನೆ ಇಳಿದು, ಮೇಲಿನ ಬಿಸಿನೀರೂ ತಾಗಿ, ಬಿಟ್ಟ ಮೀನು ಎಷ್ಟೋ ಸಲ ಬದುಕುವುದಿಲ್ಲ.