ಛೇದನ ಕೊಠಡಿಯಲ್ಲಿ ಕರುಳಿನ ಪಾಠ: ನನ್ನ ಅನುಭವ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ನಾನು ಕರುಳಿನ ಪಾಠವನ್ನು ಜೀರ್ಣಕ್ರಿಯೆಯ ಚಿತ್ರಪಟದಿಂದ ಆರಂಭಿಸುವುದಿಲ್ಲ. ಸಣ್ಣ ಕರುಳಿನ ಒಂದು ಸುರುಳಿಯನ್ನು ವಿದ್ಯಾರ್ಥಿಯ ಕೈಗಿತ್ತು, ಇದರ ಯಾವ ತುದಿ ಜಠರದ ಕಡೆಯದು ಎಂದು ಕೇಳುತ್ತೇನೆ. ಕರುಳನ್ನಷ್ಟೇ ಎಷ್ಟು ದಿಟ್ಟಿಸಿದರೂ ಉತ್ತರ ಹೊಳೆಯದು. ಅದು ಇರುವುದು ಕರುಳನ್ನು ಹೊಟ್ಟೆಯ ಹಿಂಗೋಡೆಗೆ ತೂಗುಹಾಕಿರುವ ಮೆಸೆಂಟರಿ ಎಂಬ ಪೊರೆಯಲ್ಲಿ.

ಮೆಸೆಂಟರಿಯ ಬುಡ ಸುಮಾರು 15 ಸೆಂ.ಮೀ. ಮಾತ್ರ. ಸೊಂಟದ ಎರಡನೆಯ ಕಶೇರುವಿನ ಎಡಬದಿಯಲ್ಲಿ ಹೊರಟು, ಓರೆಯಾಗಿ ಇಳಿದು, ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರುವ ಬಲಗಡೆಯ ಸ್ಯಾಕ್ರೊಇಲಿಯಾಕ್ ಕೀಲಿನ ಬಳಿ ಅದು ಮುಗಿಯುತ್ತದೆ. ಇನ್ನೊಂದು ಅಂಚಾದರೋ ಸುಮಾರು 6 ಮೀಟರ್ ಕರುಳನ್ನು ಹಿಡಿದಿಡಬೇಕಾದ್ದರಿಂದ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. (ಈ ಉದ್ದ ಮೃತದೇಹದ್ದು, ಜೀವಂತ ಕರುಳಿನ ಸ್ನಾಯುಗಳಲ್ಲಿ ಬಿಗಿತವಿರುವುದರಿಂದ ಅದು ಇದಕ್ಕಿಂತ ಗಿಡ್ಡ.) ಆದ್ದರಿಂದ ಸುರುಳಿಯ ಎರಡೂ ಬದಿಗೆ ಒಂದೊಂದು ಅಂಗೈಯಿಟ್ಟು, ಬೆರಳುಗಳನ್ನು ಬುಡದವರೆಗೆ ಜಾರಿಸಿ, ತಿರುಚಿದ್ದರೆ ಬಿಡಿಸಿ ನೇರ ಮಾಡಿದಾಗ, ಬುಡದ ಮೇಲ್ತುದಿಯ ಕಡೆಗೆ ನಿಂತ ತುದಿಯೇ ಜಠರದ ಕಡೆಯದು ಎಂದು ಕೈಗೇ ತಿಳಿಯುತ್ತದೆ.

ಬಳಿಕ ಮೆಸೆಂಟರಿಯನ್ನು ಬೆಳಕಿಗೆ ಎತ್ತಿ ಹಿಡಿಸುತ್ತೇನೆ. ಸಣ್ಣ ಕರುಳಿನ ನಡುಭಾಗವಾದ ಜೆಜುನಮ್ಮಿನಲ್ಲಿ ರಕ್ತನಾಳಗಳ ಕಮಾನುಗಳು ಒಂದೆರಡು ಸಾಲು ಮಾತ್ರ. ಅವುಗಳಿಂದ ಹೊರಟ ನೇರ ನಾಳಗಳು ಉದ್ದ, ನಡುವೆ ಕೊಬ್ಬಿಲ್ಲದ ಕಿಟಕಿಗಳಲ್ಲಿ ಬೆಳಕು ಹಾಯುತ್ತದೆ. ಅದರ ಮುಂದಿನ, ಕೊನೆಯ ಭಾಗವಾದ ಇಲಿಯಮ್ಮಿನತ್ತ ಸಾಗಿದಂತೆ ಕಮಾನುಗಳು ಹೆಚ್ಚುತ್ತವೆ, ನೇರ ನಾಳಗಳು ಮೊಟಕಾಗುತ್ತವೆ, ಕೊಬ್ಬು ಕರುಳಿನ ಅಂಚಿನವರೆಗೂ ಏರಿ ಕಿಟಕಿಗಳನ್ನು ಮುಚ್ಚಿಬಿಡುತ್ತದೆ. ಇವೆರಡರ ಗಡಿ ಯಾವುದೆಂದು ಕೇಳುವವರಿಗೆ, ಗೆರೆ ಎಳೆಯುವಂಥ ಗಡಿಯೇ ಇಲ್ಲ ಎಂಬ ಉತ್ತರ ಅಷ್ಟಾಗಿ ರುಚಿಸುವುದಿಲ್ಲ.

ಕಾರ್ಯದ ಮಾತು ಬರುವುದು ಕರುಳನ್ನು ಸೀಳಿ, ನಲ್ಲಿಯಡಿ ತೊಳೆದ ಮೇಲೆ. ಜೆಜುನಮ್ಮಿನ ಒಳಮೈಯಲ್ಲಿ ಬೆರಳಿಗೆ ತಡೆಯುವ ದಪ್ಪ ಅಡ್ಡಮಡಿಕೆಗಳಿದ್ದು, ಹೀರುವ ಕೆಲಸದ ಬಹುಪಾಲು ಇಲ್ಲಿಯೇ ನಡೆಯುತ್ತದೆ. ಇಲಿಯಮ್ಮಿನ ಕೊನೆಯಲ್ಲಿ ಮಡಿಕೆಗಳು ಬಹುತೇಕ ಮಾಯವಾಗಿರುತ್ತವೆ. ಹಾಗೆಂದು ಆ ಭಾಗವನ್ನು ಹಗುರವಾಗಿ ಕಾಣುವಂತಿಲ್ಲ: ಬಿ12 ಜೀವಸತ್ವವನ್ನೂ ಪಿತ್ತಲವಣಗಳನ್ನೂ ಹೀರಿಕೊಳ್ಳುವುದು ಮುಖ್ಯವಾಗಿ ಅದೇ. ಜೆಜುನಮ್ಮಿನ ಒಂದು ಭಾಗವನ್ನು ಕತ್ತರಿಸಿ ತೆಗೆದರೆ ಇಲಿಯಮ್ ಕ್ರಮೇಣ ಹೊಂದಿಕೊಂಡು ಅದರ ಕೆಲಸವನ್ನೂ ಮಾಡಬಲ್ಲದು, ಆದರೆ ಇಲಿಯಮ್ಮಿನ ಕೊನೆಯ ಭಾಗದ ಈ ಕೆಲಸವನ್ನು ಜೆಜುನಮ್ ವಹಿಸಿಕೊಳ್ಳಲಾರದು. ಟೈಫಾಯ್ಡ್ ಹುಣ್ಣುಗಳು ಏಳುವುದೂ ಇಲ್ಲಿಯ ಪೇಯರ್ ತೇಪೆಗಳೆಂಬ ರೋಗನಿರೋಧಕ ಅಂಗಾಂಶದ ಗುಂಪುಗಳಲ್ಲಿ. ದಾನವಾಗಿ ಬರುವ ದೇಹಗಳು ಹೆಚ್ಚಾಗಿ ವೃದ್ಧರವಾಗಿರುವುದರಿಂದ ಆ ತೇಪೆಗಳು ಕುಗ್ಗಿರುತ್ತವೆ. ಅವನ್ನು ಸೂಕ್ಷ್ಮದರ್ಶಕದ ಸ್ಲೈಡಿನಲ್ಲಿ ತೋರಿಸುತ್ತೇನೆ.

ಸುಮಾರು 1.5 ಮೀಟರ್ ಉದ್ದದ ದೊಡ್ಡ ಕರುಳಿಗೆ ಇಷ್ಟು ಹೊತ್ತು ಬೇಕಾಗದು. ಕುಡಿದದ್ದೂ ಸ್ರವಿಸಿದ್ದೂ ಸೇರಿ ದಿನಕ್ಕೆ 9 ಲೀಟರಿನಷ್ಟು ದ್ರವ ಸಣ್ಣ ಕರುಳನ್ನು ಹೊಕ್ಕರೆ, ಇಲ್ಲಿಗೆ ತಲುಪುವುದು ಒಂದೂವರೆ ಲೀಟರಿನಷ್ಟು. ಅದರಲ್ಲಿಯೂ ಬಹುಭಾಗವನ್ನು ಇದು ಹೀರಿಬಿಡುತ್ತದೆ. ಗುರುತು ಹಿಡಿಯಲು ಹೊರಮೈಯ ಮೂರು ಸ್ನಾಯುಪಟ್ಟಿಗಳು ಸಾಕು. ಅಪೆಂಡಿಕ್ಸ್ ಕಾಣದೆ ವಿದ್ಯಾರ್ಥಿಗಳು ತಡಕಾಡುವಾಗ, ಮುಂದಿನ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಯಲು ಹೇಳುತ್ತೇನೆ. ಅಪೆಂಡಿಕ್ಸ್, ದೊಡ್ಡ ಕರುಳಿನ ಆರಂಭದ ಚೀಲವಾದ ಸೀಕಮ್ಮಿನ ಹಿಂದೆ ಅಡಗಿದ್ದರೂ ಆ ಪಟ್ಟಿ ನೇರ ಅದರ ಬುಡಕ್ಕೇ ಒಯ್ಯುತ್ತದೆ.